ಬಿಸಿಯಾದರೆ ನಿಲ್ಲುವ ಎಂಜಿಬಿ: ದೋಷ ಹುಡುಕುವ ಕೈಪಿಡಿ

ಎಂಜಿಬಿ ಅಂದರೆ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಅದರ ಮಾಲೀಕರ ದೂರು ಇಷ್ಟೇ. ಬೆಳಿಗ್ಗೆ ತಣ್ಣಗಿರುವಾಗ ಗಾಡಿ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಚಿಕ್ಕಬಳ್ಳಾಪುರದಿಂದ ನಂದಿ ಗ್ರಾಮದವರೆಗೆ ಆರಾಮಾಗಿ ಓಡುತ್ತದೆ. ಬೆಟ್ಟದ ರಸ್ತೆ ಹಿಡಿದು ಕೆಲವು ತಿರುವು ದಾಟಿದ ಮೇಲೆ ಎಂಜಿನ್ ನಿಂತುಹೋಗುತ್ತದೆ. ಎಷ್ಟು ಸೆಲ್ಫ್ ಹೊಡೆದರೂ ಏಳುವುದಿಲ್ಲ. ಅರ್ಧ ಗಂಟೆ ಸುಮ್ನೆ ಬಿಟ್ಟರೆ ಏನೂ ಆಗದ ಹಾಗೆ ಮತ್ತೆ ಸ್ಟಾರ್ಟ್. ಗ್ಯಾರೇಜಿಗೆ ತಂದರೆ ಅಲ್ಲಿ ಸರಿಯಾಗೇ ಓಡುತ್ತದೆ. "ಏನೂ ಇಲ್ಲ ಸಾರ್, ಪ್ಲಗ್ ಕ್ಲೀನ್ ಮಾಡಿದೀನಿ" ಎಂಬ ಉತ್ತರ ಸಿಗುತ್ತದೆ. ಮುಂದಿನ ಭಾನುವಾರ ಬೆಟ್ಟದಲ್ಲಿ ಮತ್ತದೇ ಕಥೆ.

ಆಮೇಲೆ ಶುರುವಾಗುವುದು ಪಾರ್ಟ್ ಬದಲಾಯಿಸುವ ಚಟ. ಮೊದಲು ಕಾಯಿಲ್ (ಬ್ಯಾಟರಿ ಕರೆಂಟನ್ನು ಕಿಡಿ ಹಾರುವಷ್ಟು ವೋಲ್ಟೇಜಿಗೆ ಏರಿಸುವ ಡಬ್ಬಿ), ಆಮೇಲೆ ಪೆಟ್ರೋಲ್ ಪಂಪ್, ಆಮೇಲೆ ಕಾರ್ಬೊರೇಟರ್ ಕಿಟ್. ಎಲ್ಲಾ ಹೊರದೇಶದಿಂದ ತರಿಸಿದ್ದು, ಕಸ್ಟಮ್ಸ್ ಸುಂಕ ಬೇರೆ. ದುಡ್ಡು ಖಾಲಿಯಾಗುತ್ತದೆ, ದೋಷ ಹಾಗೇ ಇರುತ್ತದೆ.

ಕಾರಣ ಸರಳ. ಈ ದೋಷ ಗಾಡಿ ಬಿಸಿ ಇರುವಾಗ ಮಾತ್ರ ಇರುತ್ತದೆ. ತಣ್ಣಗಾದ ಮೇಲೆ ನೀವು ಏನು ಅಳೆದರೂ ಅದು ಒಳ್ಳೆಯ ಗಾಡಿಯ ಅಳತೆ. ಹಾಗಾಗಿ ಪರೀಕ್ಷೆ ನಡೆಯಬೇಕಾದದ್ದು ಗ್ಯಾರೇಜಿನಲ್ಲಲ್ಲ, ಗಾಡಿ ನಿಂತ ಜಾಗದಲ್ಲಿ, ನಿಂತ ಮೊದಲ ಐದು ಹತ್ತು ನಿಮಿಷದಲ್ಲಿ. ಅಷ್ಟರಲ್ಲಿ ಒಂದೇ ಪ್ರಶ್ನೆಗೆ ಉತ್ತರ ಸಿಕ್ಕರೆ ಸಾಕು: ಇಲ್ಲದಿರುವುದು ಪೆಟ್ರೋಲೋ, ಕಿಡಿಯೋ?

ಯಾವ ಗಾಡಿ

ಇಲ್ಲಿ ಹೇಳುವುದು 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಬಗ್ಗೆ. 1798 ಸಿಸಿ ಎಂಜಿನ್, ಎಸ್‌ಯು ಕಂಪನಿಯ ಎರಡು ಕಾರ್ಬೊರೇಟರ್, ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಲೂಕಾಸ್ ಕಂಪನಿಯ ಡಿಸ್ಟ್ರಿಬ್ಯೂಟರ್. ಎಂಜಿನ್ ಬಿಎಂಸಿಯ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಬಿ-ಸೀರೀಸ್ ಮನೆತನದ್ದು. ನಮ್ಮ ಹಳೇ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ಕೂಡ ಅದೇ ಮನೆತನ. ಹಾಗಂತ ಎಲ್ಲಾ ಪಾರ್ಟ್ ಒಂದಕ್ಕೊಂದು ಕೂರುವುದಿಲ್ಲ. ಆದರೆ ಫೈರಿಂಗ್ ಆರ್ಡರ್ 1-3-4-2, ಟ್ಯಾಪೆಟ್ ಹೊಂದಿಸುವ ರೀತಿ, ಪಾಯಿಂಟ್ (ಡಿಸ್ಟ್ರಿಬ್ಯೂಟರ್ ಒಳಗೆ ಕಾಯಿಲ್‌ನ ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಸ್ವಿಚ್) ಇಡುವ ರೀತಿ ಎಲ್ಲಾ ಒಂದೇ. ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ ಅಂಬಾಸಿಡರ್ ಟ್ಯಾಕ್ಸಿ ರಿಪೇರಿ ಮಾಡಿ ಕೂದಲು ಬೆಳ್ಳಗಾದ ಮೆಕ್ಯಾನಿಕ್ ಯಾರಾದರೂ ಸಿಕ್ಕರೆ ಬಿಡಬೇಡಿ. ಲ್ಯಾಪ್‌ಟಾಪ್ ಚುಚ್ಚಿ ದೋಷ ಓದುವ ಹುಡುಗರಿಗಿಂತ ಈ ಗಾಡಿಗೆ ಅವರೇ ಮೇಲು.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. 1967ರ ಕೊನೆಯವರೆಗೆ ಬಂದ ಎಂಜಿಬಿಗಳು ಪಾಸಿಟಿವ್ ಅರ್ತ್. ಅಂದರೆ ಬ್ಯಾಟರಿಯ ಪ್ಲಸ್ ಬಾಡಿಗೆ ಸೇರಿರುತ್ತದೆ. ಇಲ್ಲಿನ ಎಲೆಕ್ಟ್ರಿಷಿಯನ್‌ಗಳಿಗೆ ಇದು ಅಭ್ಯಾಸವಿಲ್ಲ. ಹಳೇ ಮಾಲೀಕರು ನೆಗೆಟಿವ್‌ಗೆ ಬದಲಾಯಿಸಿರಲೂಬಹುದು. ಆದ್ದರಿಂದ ಪುಸ್ತಕ ನಂಬದೆ, ಸೀಟಿನ ಹಿಂದೆ ಇರುವ ಬ್ಯಾಟರಿಯ ಮುಚ್ಚಳ ತೆಗೆದು ಕಣ್ಣಾರೆ ನೋಡಿ. ಜಂಪರ್ ಕೇಬಲ್ ಹಾಕುವ ಮುಂಚೆಯಂತೂ ಖಂಡಿತ ನೋಡಿ. ಅನೇಕ ಗಾಡಿಗಳಲ್ಲಿ ಒಂದು ಬ್ಯಾಟರಿಯ ಬದಲು 6 ವೋಲ್ಟಿನ ಎರಡು ಇರುತ್ತವೆ. ಅವೆರಡರ ನಡುವಿನ ಕೇಬಲ್ ಸಡಿಲವಾದರೂ ಗಾಡಿ ಇದ್ದಕ್ಕಿದ್ದಂತೆ ಸಾಯುತ್ತದೆ. ಆದರೆ ಆಗ ಸೆಲ್ಫ್ ಕೂಡ ತಿರುಗುವುದಿಲ್ಲ. ಗುರುತು ಹಿಡಿಯುವುದು ಸುಲಭ.

ಜೊತೆಗೆ ಇರಬೇಕಾದ ಸಾಮಾನು

ಹನ್ನೆರಡು ವೋಲ್ಟಿನ ಟೆಸ್ಟ್ ಲ್ಯಾಂಪ್, ಮಲ್ಟಿಮೀಟರ್, ಒಂದು ಹೆಚ್ಚುವರಿ ಪ್ಲಗ್, ಕ್ಲಿಪ್ ಇರುವ ಎರಡು ಉದ್ದನೆ ವೈರ್, ಗ್ಯಾಪ್ ಅಳೆಯುವ ಫೀಲರ್ ಗೇಜ್, ಹೊಸ ಕಂಡೆನ್ಸರ್ (ಪಾಯಿಂಟ್ ನಡುವೆ ಕಿಡಿ ಹಾರದ ಹಾಗೆ ತಡೆಯುವ ಡಬ್ಬಿ), ರೋಟರ್ (ಡಿಸ್ಟ್ರಿಬ್ಯೂಟರ್ ಒಳಗೆ ತಿರುಗುತ್ತಾ ಕಿಡಿಯನ್ನು ಒಂದೊಂದು ಪ್ಲಗ್ ವೈರಿಗೆ ದಾಟಿಸುವ ತುಂಡು), ದಪ್ಪ ಗ್ಲೌಸ್. ಬೆಂಕಿ ಆರಿಸುವ ಸಿಲಿಂಡರ್ ಬೇಕೇ ಬೇಕು. ಈ ಎಂಜಿನ್‌ನಲ್ಲಿ ಕಾರ್ಬೊರೇಟರ್ ಮತ್ತು ಎಕ್ಸಾಸ್ಟ್ ಎರಡೂ ಎಡಗಡೆಯೇ ಇವೆ. ಬಿಸಿ ಮ್ಯಾನಿಫೋಲ್ಡ್ ಮೇಲೆಯೇ ಪೆಟ್ರೋಲ್ ಕೂತಿದೆ ಅಂದುಕೊಳ್ಳಿ. ರಸ್ತೆ ಬದಿಯಲ್ಲಿ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಪೈಪ್ ಬಿಚ್ಚಲು ಹೋಗಬೇಡಿ. ಆ ಕೆಲಸಕ್ಕೆ ಮನೆ ಇದೆ.

ಬೆಟ್ಟದಲ್ಲಿ ತಿರುವಿನ ಮಧ್ಯೆ ನಿಲ್ಲಿಸಿ ಬಾನೆಟ್ ಎತ್ತಬೇಡಿ. ನಿಂತರೆ ಹಾಗೇ ಹಿಂದಕ್ಕೆ ಜಾರಿಸಿ ಅಗಲವಿರುವ ಕಡೆ ಬದಿಗೆ ತಂದು, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಭಾನುವಾರ ಬೆಳಗಿನ ನಂದಿ ಟ್ರಾಫಿಕ್‌ನಲ್ಲಿ ಇದು ಆಗದ ಮಾತು. ಪರೀಕ್ಷೆಗೆಂದೇ ಹೋಗುವುದಾದರೆ ವಾರದ ಮಧ್ಯೆ ಹೋಗಿ.

ಹೇಗೆ ನಿಂತಿತು

ಅರ್ಧ ಉತ್ತರ ಇಲ್ಲೇ ಇದೆ. ಗಾಡಿ ನಿಲ್ಲುವಾಗ ಗಮನ ಕೊಡುವವರು ಕಡಿಮೆ, ಗಾಬರಿ ಬೀಳುವವರೇ ಜಾಸ್ತಿ.

ಕೀ ತಿರುಗಿಸಿ ಆಫ್ ಮಾಡಿದ ಹಾಗೆ ಟಕ್ ಅಂತ ನಿಂತಿತೇ? ಕರೆಂಟ್ ಕಡೆ ನೋಡಿ. ಮೊದಲು ಪಿಕಪ್ ಇಳಿದು, ಜರ್ಕ್ ಹೊಡೆದು, ಆಕ್ಸಿಲರೇಟರ್ ಬಿಟ್ಟರೆ ಸ್ವಲ್ಪ ಚೇತರಿಸಿಕೊಂಡು, ಮತ್ತೆ ಒತ್ತಿದರೆ ಸತ್ತಿತೇ? ಪೆಟ್ರೋಲ್ ಕಡೆ ನೋಡಿ. ಮಿಸ್ಸಿಂಗ್ ಜೊತೆಗೆ ಸೈಲೆನ್ಸರ್‌ನಲ್ಲಿ ಪಟಪಟ ಸಿಡಿದರೆ ಮತ್ತೆ ಕರೆಂಟ್ ಕಡೆ. ಕಾರ್ಬೊರೇಟರ್ ಕಡೆಯಿಂದ ಕೆಮ್ಮಿದರೆ ಪೆಟ್ರೋಲ್ ಸಾಲದು ಎಂದು ಅರ್ಥ.

ಇನ್ನೊಂದು ಒಳ್ಳೆ ಸಾಕ್ಷಿ ಆರ್‌ಪಿಎಂ ಮೀಟರ್. ಕರೆಂಟಿನಲ್ಲಿ ನಡೆಯುವ ಮೀಟರ್ ಇರುವ ಗಾಡಿಗಳಲ್ಲಿ ಅದು ಕಾಯಿಲ್ ಸರ್ಕ್ಯೂಟ್‌ನಿಂದಲೇ ಲೆಕ್ಕ ತೆಗೆದುಕೊಳ್ಳುತ್ತದೆ. ಗಾಡಿ ಗೇರಿನಲ್ಲಿ ಇನ್ನೂ ಉರುಳುತ್ತಿದೆ, ಎಂಜಿನ್ ತಿರುಗುತ್ತಿದೆ, ಆದರೂ ಮುಳ್ಳು ಸೊನ್ನೆಗೆ ಬಿತ್ತು ಅಂದರೆ ಕಾಯಿಲ್‌ನ ಪ್ರೈಮರಿ ಕಡೆ, ಅಂದರೆ ಬ್ಯಾಟರಿ ಕರೆಂಟ್ ಹರಿಯುವ ಕಡೆ, ಕರೆಂಟ್ ಕಡಿದಿದೆ. ಮುಳ್ಳು ಎಂಜಿನ್ ಜೊತೆ ನಿಧಾನವಾಗಿ ಇಳಿದರೆ ಪ್ರೈಮರಿ ಸರಿಯಿದೆ. ತುಂಬ ಹಳೇ ಮಾಡೆಲ್‌ಗಳಲ್ಲಿ ಮೀಟರ್‌ಗೆ ಕೇಬಲ್ ಇರುತ್ತದೆ. ಅಲ್ಲಿ ಈ ಲೆಕ್ಕ ನಡೆಯುವುದಿಲ್ಲ.

ನಿಂತ ಮೇಲೆ, ಈ ಕ್ರಮದಲ್ಲಿ

ಮೊದಲು ಪೆಟ್ರೋಲ್ ಟ್ಯಾಂಕ್ ಮುಚ್ಚಳ. ಬೇರೆ ಏನನ್ನೂ ಮುಟ್ಟುವ ಮುಂಚೆ ಅದನ್ನು ನಿಧಾನಕ್ಕೆ ತೆಗೆಯಿರಿ. ಗಾಳಿ ಒಳಗೆ ನುಗ್ಗುವ ಉಸ್ಸೆಂಬ ಸದ್ದು ಜೋರಾಗಿ ಬಂದರೆ ಟ್ಯಾಂಕ್‌ಗೆ ಗಾಳಿ ಹೋಗುವ ದಾರಿ ಕಟ್ಟಿದೆ. ಪಂಪ್ ಎಳೆದೂ ಎಳೆದೂ ಟ್ಯಾಂಕ್ ಒಳಗೆ ನಿರ್ವಾತವಾಗಿ, ಕೊನೆಗೆ ಪೆಟ್ರೋಲ್ ಬರುವುದೇ ನಿಂತಿದೆ. ಅರ್ಧ ಗಂಟೆ ಬಿಟ್ಟರೆ ಗಾಳಿ ಹೇಗೋ ಒಳಗೆ ಸೇರುತ್ತದೆ, ಗಾಡಿ ಏಳುತ್ತದೆ. ಬಿಸಿಯಿಂದ ನಿಲ್ಲುತ್ತಿದೆ ಎಂದು ನಾವು ತಪ್ಪು ತಿಳಿಯುವುದು ಇಲ್ಲೇ. ಕಳೆದುಹೋದ ಮುಚ್ಚಳದ ಬದಲು ಅಳತೆಗೆ ಕೂರುವ ಬೇರೆ ಯಾವುದೋ ಗಾಡಿಯ ತೂತಿಲ್ಲದ ಮುಚ್ಚಳ ಹಾಕಿದವರಿಗೆ ಇದು ಮಾಮೂಲಿ. ಖಚಿತ ಮಾಡಿಕೊಳ್ಳಲು ಮುಚ್ಚಳ ಸಡಿಲ ಬಿಟ್ಟು ಓಡಿಸಿ ನೋಡಿ. ಟ್ಯಾಂಕ್ ತುಂಬ ಇದ್ದಾಗ ಮಾತ್ರ ಬೇಡ.

ಎರಡನೆಯದು ಪಂಪಿನ ಸದ್ದು. ಎಂಜಿಬಿಯ ಎಸ್‌ಯು ಪಂಪ್ ಹಿಂದಿದೆ, ಬಲಗಡೆ, ಹಿಂದಿನ ಆಕ್ಸಲ್‌ಗೆ ಸ್ವಲ್ಪ ಮುಂದೆ. ಸೆಲ್ಫ್ ಹೊಡೆಯದೆ ಕೀ ಮಾತ್ರ ಆನ್ ಮಾಡಿ ಕಿವಿ ಕೊಡಿ. ಟಕಟಕ ಎಂದು ನಾಲ್ಕಾರು ಸಲ ಬಡಿದು ನಿಂತರೆ ಒಳ್ಳೆಯದು. ಕಾರ್ಬೊರೇಟರ್‌ನ ಫ್ಲೋಟ್ ಬಟ್ಟಲು ತುಂಬಿದೆ, ಪೆಟ್ರೋಲ್ ಇದೆ. ನಿಲ್ಲದೆ ವೇಗವಾಗಿ ಬಡಿಯುತ್ತಲೇ ಇದ್ದರೆ ಪಂಪ್ ಗಾಳಿ ಎಳೆಯುತ್ತಿದೆ, ಇಲ್ಲವೇ ಟ್ಯಾಂಕ್‌ನಲ್ಲಿ ಪೆಟ್ರೋಲೇ ಇಲ್ಲ. ನಗಬೇಡಿ, ಈ ಗಾಡಿಗಳ ಪೆಟ್ರೋಲ್ ಮೀಟರ್ ಸುಳ್ಳು ಹೇಳುವುದರಲ್ಲಿ ಹೆಸರುವಾಸಿ.

ಸದ್ದೇ ಇಲ್ಲವೇ? ಬಟ್ಟಲು ತುಂಬಿದ್ದರೂ ಸದ್ದು ಬರುವುದಿಲ್ಲ, ಪಂಪ್ ಸತ್ತಿದ್ದರೂ ಬರುವುದಿಲ್ಲ. ಸ್ಪ್ಯಾನರ್ ಹಿಡಿಯಿಂದ ಪಂಪಿಗೆ ಮೆಲ್ಲಗೆ ತಟ್ಟಿ. ತಟ್ಟಿದ ಕೂಡಲೇ ಬಡಿಯಲು ಶುರು ಮಾಡಿದರೆ ಅದರೊಳಗಿನ ಪಾಯಿಂಟ್ ಸುಟ್ಟಿದೆ ಅಥವಾ ಕೊಳೆ ಹಿಡಿದಿದೆ. ತಟ್ಟಿದರೂ ಏಳದಿದ್ದರೆ ಪಂಪಿನ ವೈರಿಗೆ ಟೆಸ್ಟ್ ಲ್ಯಾಂಪ್ ಇಟ್ಟು ಕರೆಂಟ್ ಬರುತ್ತಿದೆಯೇ ನೋಡಿ.

ಮೂರನೆಯದು ಕಿಡಿ. ಒಂದು ಪ್ಲಗ್ ವೈರ್ ಕಿತ್ತು ಹೆಚ್ಚುವರಿ ಪ್ಲಗ್‌ಗೆ ಸಿಕ್ಕಿಸಿ, ಪ್ಲಗ್‌ನ ಲೋಹದ ಮೈಯನ್ನು ಎಂಜಿನ್‌ಗೆ ತಾಗಿಸಿ ಇಟ್ಟು, ಯಾರಿಗಾದರೂ ಸೆಲ್ಫ್ ಹೊಡೆಯಲು ಹೇಳಿ. ಕಾರ್ಬೊರೇಟರ್ ಕಡೆಯಿಂದ ದೂರ ಇರಲಿ. ನೀಲಿ ಬಣ್ಣದ, ಚಟಚಟ ಸದ್ದಿನ ಕಿಡಿ ಬೇಕು. ಹಳದಿ ಬಣ್ಣದ ಸಪ್ಪೆ ಕಿಡಿ ಬಂದರೆ ಬಂದೂ ಬಾರದ ಹಾಗೆ.

ನಾಲ್ಕನೆಯದು, ಸಮಯ ಉಳಿದಿದ್ದರೆ, ಗ್ಲೌಸ್ ಹಾಕಿ ಒಂದು ಪ್ಲಗ್ ಬಿಚ್ಚಿ. ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ತಲುಪುತ್ತಿದೆ, ಉರಿಯುತ್ತಿಲ್ಲ. ಒಣಗಿದ್ದರೆ ತಲುಪುತ್ತಿಲ್ಲ.

ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ನೀರಿನ ಬಿಸಿ ಎಷ್ಟಿತ್ತು ಅನ್ನುವುದೂ ಸೇರಲಿ. ಆಮೇಲೆ ಗಾಡಿ ತಣ್ಣಗಾಗಲಿ, ಮನೆಗೆ ಬನ್ನಿ.

ಕಿಡಿ ಇಲ್ಲದಿದ್ದರೆ

ನನ್ನ ಅನುಭವದಲ್ಲಿ ಬಿಸಿಗೆ ನಿಲ್ಲುವ ಗಾಡಿಗಳಲ್ಲಿ ಜಾಸ್ತಿ ಕಾಣುವುದು ಇದೇ ಗುಂಪು. ಜನ ಮಾತ್ರ ಮೊದಲು ಬೈಯುವುದು ಪೆಟ್ರೋಲ್‌ಗೆ.

ಟೆಸ್ಟ್ ಲ್ಯಾಂಪ್‌ನಿಂದ ಶುರು ಮಾಡಿ. ಒಂದು ತುದಿ ಬಾಡಿಗೆ. ಇನ್ನೊಂದನ್ನು ಮೊದಲು ಕಾಯಿಲ್‌ಗೆ ಕರೆಂಟ್ ಬರುವ ಟರ್ಮಿನಲ್‌ಗೆ ಇಡಿ, ಅಂದರೆ ಬಿಳಿ ವೈರ್ ಇರುವ ಕಡೆ. ಕೀ ಆನ್ ಇದ್ದಾಗ ಲ್ಯಾಂಪ್ ಹತ್ತಬೇಕು. ಆಮೇಲೆ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ವೈರ್ ಇರುವ ಟರ್ಮಿನಲ್‌ಗೆ ಇಟ್ಟು ಸೆಲ್ಫ್ ಹೊಡೆಸಿ. ಲ್ಯಾಂಪ್ ಮಿಣಮಿಣ ಹತ್ತಿ ಆರಬೇಕು. ಆರದೆ ಹತ್ತಿಕೊಂಡೇ ಇದ್ದರೆ ಪಾಯಿಂಟ್ ಮುಚ್ಚುತ್ತಿಲ್ಲ, ಅಥವಾ ಪಾಯಿಂಟ್‌ವರೆಗಿನ ವೈರ್ ಕಡಿದಿದೆ. ಹತ್ತುವುದೇ ಇಲ್ಲ ಅಂದರೆ ಪಾಯಿಂಟ್ ಗ್ಯಾಪ್ ಪೂರ್ತಿ ಮುಚ್ಚಿದೆ, ಕಂಡೆನ್ಸರ್ ಶಾರ್ಟ್ ಆಗಿದೆ, ಅಥವಾ ಕಾಯಿಲ್ ಒಳಗೇ ಕಡಿದಿದೆ. ಈ ಪರೀಕ್ಷೆಗೆ ಪಾಸಿಟಿವ್ ಅರ್ತ್, ನೆಗೆಟಿವ್ ಅರ್ತ್ ಭೇದವಿಲ್ಲ. ಬಲ್ಬಿಗೆ ಎರಡೂ ಒಂದೇ.

ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿಲಿಮೀಟರ್ ಇರಬೇಕು. ಕ್ಯಾಮ್‌ಗೆ ಉಜ್ಜಿಕೊಂಡು ಪಾಯಿಂಟ್ ತೆರೆಯುವ ಪ್ಲಾಸ್ಟಿಕ್ ಹೀಲ್ ಸವೆದಷ್ಟೂ ಗ್ಯಾಪ್ ಕಡಿಮೆಯಾಗುತ್ತದೆ. ಕ್ಯಾಮ್‌ಗೆ ಒಂದು ಹನಿ ಗ್ರೀಸ್ ಹಾಕದೆ ಹೊಸ ಪಾಯಿಂಟ್ ಕೂರಿಸಿದರೆ ಹೀಲ್ ಬೇಗ ಸವೆಯುತ್ತದೆ.

ಈಗ ಕಂಡೆನ್ಸರ್. ಡಿಸ್ಟ್ರಿಬ್ಯೂಟರ್ ಒಳಗೆ, ಎಂಜಿನ್ ಬಿಸಿಯ ನಡುವೆ ಕೂರುವ ಈ ಪುಟ್ಟ ಡಬ್ಬಿಗೆ ಶಾಖ ಆಗಿಬರುವುದಿಲ್ಲ. ತಣ್ಣಗಿದ್ದಾಗ ಸರಿ ಇರುತ್ತದೆ. ಬಿಸಿಯಾದಾಗ ಒಳಗಿನ ಪದರ ಸೋರಲು ಶುರುವಾಗುತ್ತದೆ, ಇಲ್ಲವೇ ಒಳಗಿನ ಜೋಡಣೆ ಬಿಟ್ಟುಕೊಳ್ಳುತ್ತದೆ. ಗುರುತು ಏನೆಂದರೆ, ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಸೆಲ್ಫ್ ಹೊಡೆಸಿದಾಗ ಪಾಯಿಂಟ್ ನಡುವೆ ದೊಡ್ಡ ಕಿಡಿ ಹಾರುತ್ತದೆ. ಪಾಯಿಂಟ್ ಮುಖ ಕಪ್ಪಾಗಿ ಗುಳಿ ಬಿದ್ದಿರುತ್ತದೆ.

ಇದನ್ನು ರಸ್ತೆ ಬದಿಯಲ್ಲೇ ಖಚಿತ ಮಾಡಿಕೊಳ್ಳಬಹುದು. ಹಳೇ ಕಂಡೆನ್ಸರ್‌ನ ವೈರ್ ಬಿಡಿಸಿ ಯಾವುದಕ್ಕೂ ತಾಗದ ಹಾಗೆ ಪಕ್ಕಕ್ಕಿಡಿ. ಹೊಸ ಕಂಡೆನ್ಸರ್‌ನ ವೈರನ್ನು ಕಾಯಿಲ್‌ನ ಡಿಸ್ಟ್ರಿಬ್ಯೂಟರ್ ಕಡೆಯ ಟರ್ಮಿನಲ್‌ಗೆ ಸೇರಿಸಿ, ಅದರ ಮೈಯನ್ನು ಬಾಡಿಗೆ ಬಿಗಿಯಾಗಿ ತಾಗಿಸಿ. ಡಿಸ್ಟ್ರಿಬ್ಯೂಟರ್ ಒಳಗೇ ಕೂರಬೇಕೆಂದೇನಿಲ್ಲ. ಸುಮಾರು 0.2 ಮೈಕ್ರೋಫ್ಯಾರಡ್ ಇರುವ, ಪಾಯಿಂಟ್ ಇಗ್ನಿಷನ್‌ಗೆ ಮಾಡಿದ ಯಾವ ಕಂಡೆನ್ಸರ್ ಆದರೂ ನಡೆಯುತ್ತದೆ. ಅಂಬಾಸಿಡರ್‌ದು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹುಡುಕಿದರೆ ಸಿಗುತ್ತದೆ. ಹಳೇ ಸ್ಟಾಕ್ ಸಿಕ್ಕರೆ ಎರಡು ತೆಗೆದುಕೊಳ್ಳಿ. ಕಾಯಿಲ್ ಪಕ್ಕದಲ್ಲಿ ತಂಪು ಜಾಗದಲ್ಲೇ ಕಾಯಂ ಆಗಿ ಬಿಟ್ಟರೂ ತೊಂದರೆಯಿಲ್ಲ. ನೋಡಲು ಚೆನ್ನಾಗಿರುವುದಿಲ್ಲ ಅಷ್ಟೇ. ಬಾನೆಟ್ ಎತ್ತಿ ಪ್ರದರ್ಶನಕ್ಕೆ ಇಡುವವರು ಒಳಗೇ ಹಾಕಿಕೊಳ್ಳಲಿ.

ರೋಟರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಈಗ ಬರುವ ಅಗ್ಗದ ರೋಟರ್‌ಗಳಲ್ಲಿ ಹಿತ್ತಾಳೆ ಪಟ್ಟಿಯನ್ನು ಹಿಡಿದಿಡುವ ರಿವೆಟ್ ಉದ್ದವಾಗಿ, ಕೆಳಗಿನ ಶಾಫ್ಟ್‌ಗೆ ತೀರಾ ಹತ್ತಿರ ಬಂದಿರುತ್ತದೆ. ನಡುವೆ ಇರುವ ಕಪ್ಪು ಪ್ಲಾಸ್ಟಿಕ್ ಬಿಸಿಯಾದ ಮೇಲೆ ಕರೆಂಟನ್ನು ತಡೆಯುವುದಿಲ್ಲ. ಕಿಡಿ ಪ್ಲಗ್‌ಗೆ ಹೋಗುವ ಬದಲು ರಿವೆಟ್ ಮೂಲಕ ಶಾಫ್ಟ್‌ಗೆ ಇಳಿಯುತ್ತದೆ. ಹೊರಗಿನಿಂದ ನೋಡಿದರೆ ಹೊಸ ರೋಟರ್, ಹೊಳೆಯುತ್ತಿದೆ. ಯಾರಿಗೂ ಅನುಮಾನ ಬರುವುದಿಲ್ಲ.

ಪರೀಕ್ಷೆ ಹೀಗೆ. ಮುಚ್ಚಳ ತೆಗೆಯಿರಿ, ರೋಟರ್ ಹಾಗೇ ಇರಲಿ. ಪಾಯಿಂಟ್ ಮುಚ್ಚಿರುವ ಹಾಗೆ ಎಂಜಿನ್ ತಿರುಗಿಸಿ ನಿಲ್ಲಿಸಿ. ಕೀ ಆನ್. ಕಾಯಿಲ್‌ನಿಂದ ಬರುವ ದಪ್ಪ ವೈರಿನ ತುದಿಯನ್ನು ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು, ರೋಟರ್‌ನ ನಡು ಹಿತ್ತಾಳೆಗೆ ನಾಲ್ಕೈದು ಮಿಲಿಮೀಟರ್ ಮೇಲೆ ಇಡಿ. ಒಂದು ಮರದ ಕಡ್ಡಿಯಿಂದ ಪಾಯಿಂಟ್ ಅನ್ನು ತೆರೆದು ಬಿಡಿ. ಪ್ರತಿ ಸಲವೂ ಜೋರಾದ ಕಿಡಿ ರೋಟರ್‌ಗೆ ಹಾರಿದರೆ ರೋಟರ್ ಸೋರುತ್ತಿದೆ, ಬಿಸಾಕಿ. ಒಳ್ಳೆ ರೋಟರ್‌ಗೆ ಹಾಗೆ ಹಾರುವುದಿಲ್ಲ, ಏಕೆಂದರೆ ಅಲ್ಲಿಂದ ಮುಂದೆ ದಾರಿಯಿಲ್ಲ. ಆಮೇಲೆ ಅದೇ ವೈರನ್ನು ಎಂಜಿನ್ ಹತ್ತಿರ ಹಿಡಿದು ನೋಡಿ, ಅಲ್ಲಿ ಕಿಡಿ ಹಾರಬೇಕು. ಹಾರದಿದ್ದರೆ ಪರೀಕ್ಷೆಯೇ ಸರಿಯಾಗಿ ನಡೆದಿಲ್ಲ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಕೆಲಸಕ್ಕೆ ಕೈ ಹಾಕಬಾರದು. ಬದಲಿಗೆ ರಿವೆಟ್ ಇಲ್ಲದ, ಅಚ್ಚಿನಲ್ಲೇ ಹಿತ್ತಾಳೆ ಕೂರಿಸಿದ ರೋಟರ್ ಹುಡುಕಿ ಹಾಕಿ.

ಡಿಸ್ಟ್ರಿಬ್ಯೂಟರ್ ಒಳಗೆ ಇನ್ನೊಂದು ಕಳ್ಳನಿದ್ದಾನೆ. ಹೊರಗಿನ ಟರ್ಮಿನಲ್‌ನಿಂದ ಪಾಯಿಂಟ್‌ಗೆ ಹೋಗುವ ಚಿಕ್ಕ ಮೆತ್ತನೆ ವೈರ್. ವ್ಯಾಕ್ಯೂಮ್ ಅಡ್ವಾನ್ಸ್ (ಎಂಜಿನ್‌ನ ಎಳೆತದಿಂದ ಕಿಡಿಯ ಸಮಯ ಹಿಂದೆ ಮುಂದೆ ಮಾಡುವ ಸಾಧನ) ಕೆಲಸ ಮಾಡುವಾಗಲೆಲ್ಲ ಪಾಯಿಂಟ್ ಪ್ಲೇಟ್ ಅತ್ತಿತ್ತ ಆಡುತ್ತದೆ, ಅದರ ಜೊತೆ ವೈರ್ ಮಡಚುತ್ತದೆ. ವರ್ಷಗಟ್ಟಲೆ ಮಡಚಿ ಒಳಗಿನ ತಾಮ್ರ ಕಡಿದುಹೋಗಿ, ಹೊರಗಿನ ಹೊದಿಕೆ ಮಾತ್ರ ಉಳಿದಿರುತ್ತದೆ. ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆದರೆ ರಬ್ಬರ್ ಬ್ಯಾಂಡ್ ಹಾಗೆ ಉದ್ದವಾಗುತ್ತದೆ. ವ್ಯಾಕ್ಯೂಮ್ ಪೈಪ್ ಕಿತ್ತು, ಪೈಪ್ ಬರುವ ಕಡೆಯ ತೂತು ಮುಚ್ಚಿ ಓಡಿಸಿದಾಗ ಗಾಡಿ ನಿಲ್ಲದಿದ್ದರೆ ಅನುಮಾನ ಈ ವೈರ್ ಮೇಲೆಯೇ ಹೋಗಬೇಕು. ಪ್ಲೇಟ್‌ನ ಅರ್ತ್ ವೈರ್ ಕೂಡ ಇದೇ ಜಾತಿ, ಅದನ್ನೂ ನೋಡಿ. ಬದಲಿಗೆ ಮನೆಗೆ ಬಳಸುವ ಗಟ್ಟಿ ವೈರ್ ಹಾಕಬೇಡಿ. ಬಹಳ ಎಳೆಗಳಿರುವ ಮೆತ್ತನೆ ವೈರ್ ಬೇಕು.

ಕಾಯಿಲ್ ಅನ್ನು ಕೊನೆಗೆ ಇಟ್ಟಿದ್ದೇನೆ. ಎಲ್ಲರೂ ಮೊದಲು ಬದಲಾಯಿಸುವುದು ಅದನ್ನೇ, ಕೆಟ್ಟಿರುವುದು ಮಾತ್ರ ಕಡಿಮೆ. ಬಲ್ಲಾಸ್ಟ್ (ಕಾಯಿಲ್‌ಗೆ ಹೋಗುವ ಕರೆಂಟ್ ತಗ್ಗಿಸುವ ರೆಸಿಸ್ಟೆನ್ಸ್ ವೈರ್) ಇಲ್ಲದ ಗಾಡಿಯ ಕಾಯಿಲ್‌ಗೆ ಪ್ರೈಮರಿ ರೆಸಿಸ್ಟೆನ್ಸ್ ಸುಮಾರು 3 ಓಮ್ ಇರುತ್ತದೆ. ಬಲ್ಲಾಸ್ಟ್ ವೈರ್ ಇರುವ ನಂತರದ ಮಾಡೆಲ್‌ಗಳ ಕಾಯಿಲ್‌ಗೆ ಸುಮಾರು 1.5 ಓಮ್. ಹಳೇ ಗಾಡಿಗೆ ಯಾರಾದರೂ 1.5 ಓಮ್‌ನದನ್ನು ಹಾಕಿದ್ದರೆ ಎರಡರಷ್ಟು ಕರೆಂಟ್ ಹರಿದು ಕಾಯಿಲ್ ಕುದಿಯುತ್ತದೆ, ಪಾಯಿಂಟ್ ಸುಡುತ್ತದೆ. ಬಿಸಿಗೆ ನಿಲ್ಲಲು ಇದು ನಿಜವಾದ ಕಾರಣ. ಮೀಟರ್ ಹಿಡಿದರೆ ಒಂದು ನಿಮಿಷದ ಕೆಲಸ. ಬಿಸಿ ಇದ್ದಾಗ ರೆಸಿಸ್ಟೆನ್ಸ್ ಸ್ವಲ್ಪ ಏರುವುದು ತಾಮ್ರದ ಗುಣ. ತಣ್ಣಗಿದ್ದಾಗ 3.2 ಇದ್ದದ್ದು ಬಿಸಿಯಲ್ಲಿ 3.8 ಆದರೆ ಗಾಬರಿ ಬೇಡ. ಮೀಟರ್ ಅನಂತ ತೋರಿಸಿದರೆ ಮಾತ್ರ ಒಳಗೆ ಕಡಿದಿದೆ. ಸೆಕೆಂಡರಿ, ಅಂದರೆ ಕಿಡಿ ಹೊರಡುವ ಕಡೆ ಹಾಳಾಗಿದ್ದರೆ ಈ ಅಳತೆಯಲ್ಲಿ ಗೊತ್ತಾಗುವುದಿಲ್ಲ. ಆಗ ಕಾಯಿಲ್ ಮೇಲೆ ಒದ್ದೆ ಬಟ್ಟೆ ಹಾಕಿ. ಎರಡು ನಿಮಿಷದಲ್ಲಿ ಕಿಡಿ ವಾಪಸ್ ಬಂದರೆ ತಪ್ಪಿತಸ್ಥ ಸಿಕ್ಕ.

ಪಂಪೂ ಇಲ್ಲ, ಕಿಡಿಯೂ ಇಲ್ಲ

ಇದು ಒಂದು ರೀತಿಯಲ್ಲಿ ಅದೃಷ್ಟ. ಎರಡಕ್ಕೂ ಕರೆಂಟ್ ಬರುವುದು ಇಗ್ನಿಷನ್ ಸ್ವಿಚ್‌ನಿಂದ ಹೊರಡುವ ಬಿಳಿ ವೈರಿನಲ್ಲಿ. ಲೂಕಾಸ್ ಲೆಕ್ಕದಲ್ಲಿ ಕಂದು ಬ್ಯಾಟರಿಯದ್ದು, ಬಿಳಿ ಕೀಯದ್ದು, ಹಸಿರು ಫ್ಯೂಸ್ ದಾಟಿ ಬಂದದ್ದು, ಕಪ್ಪು ಅರ್ತ್. ಎರಡೂ ಒಟ್ಟಿಗೆ ಸತ್ತರೆ ಪಂಪ್ ಬಿಚ್ಚಬೇಡಿ, ಕಾಯಿಲ್ ಬಿಚ್ಚಬೇಡಿ. ಸ್ವಿಚ್ ಮತ್ತು ಬುಲೆಟ್ ಕನೆಕ್ಟರ್‌ಗಳನ್ನು ನೋಡಿ. ಕೀ ಗೊಂಚಲಿಗೆ ಮನೆ ಬೀಗದ ಕೈಗಳನ್ನೆಲ್ಲ ನೇತುಹಾಕಿಕೊಂಡವರ ಸ್ವಿಚ್ ಬೇಗ ಸವೆಯುತ್ತದೆ.

ಪರೀಕ್ಷೆಗೆ ಬ್ಯಾಟರಿಯ ಅರ್ತ್ ಅಲ್ಲದ ತುದಿಯಿಂದ ಫ್ಯೂಸ್ ಇರುವ ಒಂದು ವೈರ್ ಎಳೆದು ಕಾಯಿಲ್‌ನ ಬಿಳಿ ವೈರ್ ಟರ್ಮಿನಲ್‌ಗೆ ಕೊಡಿ. ಸೆಲ್ಫ್ ಹೊಡೆದ ಕೂಡಲೇ ಎದ್ದರೆ ವಿಷಯ ಮುಗಿಯಿತು. ನೆನಪಿರಲಿ, ಈ ವೈರ್ ಇರುವವರೆಗೆ ಕೀ ತಿರುಗಿಸಿದರೆ ಎಂಜಿನ್ ಆಫ್ ಆಗುವುದಿಲ್ಲ. ಬಲ್ಲಾಸ್ಟ್ ಗಾಡಿಗೆ ಇದನ್ನು ಕೆಲವೇ ನಿಮಿಷ ಮಾತ್ರ ಮಾಡಿ.

ಪೆಟ್ರೋಲ್ ಬಾರದಿದ್ದರೆ

ಮುಚ್ಚಳದ ಮಾತು ಆಯಿತು. ಉಳಿದದ್ದು ಮನೆಯಲ್ಲಿ, ತಣ್ಣಗಿರುವಾಗ. ಕಾರ್ಬೊರೇಟರ್‌ಗೆ ಬರುವ ಪೈಪ್ ಬಿಚ್ಚಿ ಬಾಟಲಿಗೆ ಬಿಟ್ಟು ಕೀ ಆನ್ ಮಾಡಿ. ಒಳ್ಳೆ ಪಂಪ್ ನಿಮಿಷಕ್ಕೆ ಒಂದು ಲೀಟರ್ ಹತ್ತಿರ ತಳ್ಳುತ್ತದೆ. ಅರ್ಧ ಲೀಟರೂ ಬರದಿದ್ದರೆ ಫಿಲ್ಟರ್, ಪಂಪಿನ ಜಾಲರಿ, ಟ್ಯಾಂಕ್ ಒಳಗಿನ ತುಕ್ಕು ಈ ಕ್ರಮದಲ್ಲಿ ನೋಡಿ. ಪೆಟ್ರೋಲ್ ಜೊತೆ ಗುಳ್ಳೆ ಬರುತ್ತಲೇ ಇದ್ದರೆ ಟ್ಯಾಂಕ್ ಮತ್ತು ಪಂಪಿನ ನಡುವಿನ ಪೈಪಿನಲ್ಲಿ ಗಾಳಿ ಸೋರುತ್ತಿದೆ. ಟ್ಯಾಂಕ್ ತಳದ ತುಕ್ಕಿನ ಪುಡಿ ಏರಿನಲ್ಲಿ ಸರಿದು ಪೈಪಿನ ಬಾಯಿಗೆ ಕೂರುವುದೂ ಉಂಟು. ನಿಲ್ಲಿಸಿದಾಗ ಅದು ಕೆಳಗೆ ಬೀಳುತ್ತದೆ, ಗಾಡಿ ಮತ್ತೆ ಓಡುತ್ತದೆ.

ಏರ್ ಲಾಕ್ ಎಂದು ಎಲ್ಲರೂ ಹೇಳುತ್ತಾರೆ, ಅಲ್ವಾ? ಪದ್ಮಿನಿ ಕಾಲದ ಡ್ರೈವರ್‌ಗಳು ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಘಾಟಿ ಹತ್ತುತ್ತಿದ್ದರು. ಅಲ್ಲಿ ಅದು ಸರಿ. ಆ ಪಂಪ್ ಎಂಜಿನ್ ಮೇಲಿತ್ತು, ಟ್ಯಾಂಕಿನಿಂದ ಪೆಟ್ರೋಲನ್ನು ಎಳೆಯಬೇಕಿತ್ತು. ಎಳೆಯುವ ಪೈಪಿನಲ್ಲಿ ಆವಿ ಬೇಗ ಆಗುತ್ತದೆ. ಎಂಜಿಬಿಯಲ್ಲಿ ಪಂಪ್ ಹಿಂದಿದೆ, ತಂಪಾಗಿದೆ, ಮುಂದಕ್ಕೆ ತಳ್ಳುತ್ತದೆ. ಹಾಗಾಗಿ ಓಡುತ್ತಿರುವಾಗ ಪೈಪಿನಲ್ಲಿ ಆವಿ ಕಟ್ಟಿ ನಿಲ್ಲುವುದು ಇಲ್ಲಿ ಅಪರೂಪ. ಕರೆಂಟ್ ದೋಷಕ್ಕೆ ಏರ್ ಲಾಕ್ ಎಂದು ಹೆಸರಿಟ್ಟು ಬಟ್ಟೆ ಸುತ್ತಿದರೆ ಬಟ್ಟೆಯಷ್ಟೇ ಒದ್ದೆ.

ಆವಿಯ ತೊಂದರೆ ಎಂಜಿಬಿಗೆ ಬರುವುದು ನಿಲ್ಲಿಸಿದ ಮೇಲೆ. ಬೆಟ್ಟದ ಮೇಲೆ ಎಂಜಿನ್ ಆಫ್ ಮಾಡಿ ಕಾಫಿ ಕುಡಿದು ಹದಿನೈದು ನಿಮಿಷಕ್ಕೆ ವಾಪಸ್ ಬಂದರೆ ಸ್ಟಾರ್ಟ್ ಆಗುವುದಿಲ್ಲ. ಫ್ಯಾನ್ ನಿಂತಿದೆ, ಗಾಳಿಯಿಲ್ಲ, ಎಕ್ಸಾಸ್ಟ್‌ನ ಶಾಖವೆಲ್ಲ ಮೇಲೆದ್ದು ಫ್ಲೋಟ್ ಬಟ್ಟಲಿಗೆ ಹೊಡೆಯುತ್ತದೆ. ಪೆಟ್ರೋಲ್‌ನ ಹಗುರ ಭಾಗ 40 ಡಿಗ್ರಿ ಆಸುಪಾಸಿನಲ್ಲೇ ಆವಿಯಾಗಲು ಶುರು. ಬೆಟ್ಟದ ತುದಿ 1478 ಮೀಟರ್ ಎತ್ತರದಲ್ಲಿದೆ, ಅಲ್ಲಿ ಇನ್ನೂ ಬೇಗ. ಆವಿ ಮ್ಯಾನಿಫೋಲ್ಡ್ ತುಂಬಿ ಮಿಶ್ರಣದಲ್ಲಿ ಗಾಳಿಗಿಂತ ಪೆಟ್ರೋಲ್ ಅತಿಯಾಗುತ್ತದೆ. ಚೋಕ್ ಎಳೆಯಬೇಡಿ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಪೆಡಲ್ ಪಟಪಟ ಒತ್ತಿ ಬಿಡುವುದರಿಂದ ಇಲ್ಲಿ ಏನೂ ಆಗುವುದಿಲ್ಲ, ಎಸ್‌ಯು ಕಾರ್ಬೊರೇಟರ್‌ಗೆ ಆಕ್ಸಿಲರೇಟರ್ ಪಂಪೇ ಇಲ್ಲ. ಕಾರ್ಬೊರೇಟರ್ ಮತ್ತು ಮ್ಯಾನಿಫೋಲ್ಡ್ ನಡುವಿನ ಶಾಖ ತಡೆಯುವ ತಗಡು ಮತ್ತು ದಪ್ಪ ಸ್ಪೇಸರ್ ಜಾಗದಲ್ಲಿವೆಯೇ ನೋಡಿ. ರಿಪೇರಿ ಮಾಡುವಾಗ ತೆಗೆದವರು ಎಷ್ಟೋ ಸಲ ವಾಪಸ್ ಹಾಕಿರುವುದಿಲ್ಲ.

ಇ20 ಪೆಟ್ರೋಲ್

2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20, ಅಂದರೆ ಶೇ 20 ಎಥನಾಲ್ ಸೇರಿದ ಪೆಟ್ರೋಲ್, ಬಿಡುಗಡೆಯಾಯಿತು. ಈಗ ಬಂಕ್‌ಗಳಲ್ಲಿ ಮಾಮೂಲಿ. ಈ ಗಾಡಿ ತಯಾರಾದಾಗ ಇಂಥ ಪೆಟ್ರೋಲ್ ಲೆಕ್ಕದಲ್ಲೇ ಇರಲಿಲ್ಲ. ಮೂರು ಕೆಲಸ ಮಾಡಿಸಿ. ಹಳೇ ರಬ್ಬರ್ ಪೈಪ್ ಎಲ್ಲಾ ತೆಗೆದು ಎಸ್‌ಎಇ ಜೆ30 ಆರ್9 ಗುರುತಿನ ಪೈಪ್ ಹಾಕಿಸಿ. ಎಥನಾಲ್ ಟ್ಯಾಂಕ್‌ನ ಹಳೇ ಕೊಳೆಯನ್ನು ಸಡಿಲ ಮಾಡುವುದರಿಂದ ಫಿಲ್ಟರ್ ಅನ್ನು ಮೊದಲಿಗೆ ಬೇಗಬೇಗ ಬದಲಾಯಿಸಿ. ಮೂರನೆಯದು ಮಿಶ್ರಣ. ಪೆಟ್ರೋಲ್ ಪೂರ್ತಿ ಉರಿಯಲು ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು, ಎಥನಾಲ್‌ಗೆ 9 ಸಾಕು. ಹಳೇ ಸೆಟ್ಟಿಂಗ್‌ನಲ್ಲೇ ಇ20 ಹಾಕಿದರೆ ಎಂಜಿನ್‌ಗೆ ಪೆಟ್ರೋಲ್ ಕಮ್ಮಿಯಾಗಿ ಬಿಸಿಯಾಗಿ ಓಡುತ್ತದೆ, ಏರಿನಲ್ಲಿ ಕೆಮ್ಮುತ್ತದೆ. ಕಾರ್ಬೊರೇಟರ್ ಅಡಿಯಲ್ಲಿ ಜೆಟ್ ನಟ್ ಇರುವ ಮಾಡೆಲ್‌ಗಳಲ್ಲಿ ಅದನ್ನು ಎರಡೂ ಕಡೆ ಸಮವಾಗಿ, ಒಂದೊಂದು ಮುಖದಷ್ಟೇ ಕೆಳಕ್ಕೆ ತಿರುಗಿಸಿ. ಪಕ್ಕದ ಪಿನ್‌ನಿಂದ ಕಾರ್ಬೊರೇಟರ್ ಒಳಗಿನ ಪಿಸ್ಟನ್ ಅನ್ನು ಒಂದು ಮಿಲಿಮೀಟರಿಗಿಂತ ಕಡಿಮೆ ಎತ್ತಿ. ಆರ್‌ಪಿಎಂ ಚೂರು ಏರಿ ಮತ್ತೆ ನೆಲೆಗೆ ಬಂದರೆ ಸರಿ, ಕುಸಿದರೆ ಇನ್ನೂ ಸಾಲದು, ಏರಿ ಅಲ್ಲೇ ನಿಂತರೆ ಜಾಸ್ತಿಯಾಯಿತು. ಕಾರ್ಬೊರೇಟರ್ ಮೇಲಿನ ಡ್ಯಾಶ್‌ಪಾಟ್‌ಗೆ (ಪಿಸ್ಟನ್ ಮೇಲಿನ ಆಯಿಲ್ ಕೊಳವೆ) 20 ಗ್ರೇಡ್ ಆಯಿಲ್ ಇದೆಯೇ ಅಂತಲೂ ನೋಡಿ.

ನಿಜವಾಗಿಯೂ ಬಿಸಿ ಏರುತ್ತಿದ್ದರೆ

ಮೇಲಿನದೆಲ್ಲ ನೀರಿನ ಮುಳ್ಳು ನಡುವೆ ಇದ್ದಾಗಿನ ಮಾತು. ಮುಳ್ಳು ಕೊನೆಗೆ ಹೋಗುತ್ತಿದ್ದರೆ ಮೊದಲು ಅದನ್ನೇ ಸರಿ ಮಾಡಿ. ನಮ್ಮ ಕಡೆ ಇದಕ್ಕೆ ದೊಡ್ಡ ಕಾರಣ ಬೋರ್‌ವೆಲ್ ನೀರು. ಸಾವಿರ ಅಡಿಗೂ ಆಳದಿಂದ ಬರುವ ಗಡಸು ನೀರು ರೇಡಿಯೇಟರ್ ಒಳಗೆ ಸುಣ್ಣ ಕಟ್ಟಿಸುತ್ತದೆ. ಡಿಮಿನರಲೈಸ್ಡ್ ನೀರು ಮತ್ತು ಕೂಲಂಟ್ ಮಾತ್ರ ಬಳಸಿ. ಹೊರಗಿನ ಜಾಲರಿಯಲ್ಲಿ ಕ್ರಷರ್ ಧೂಳು ಕೂತಿದ್ದರೆ ಹಿಂದಿನಿಂದ ಮುಂದಕ್ಕೆ ನೀರು ಹೊಡೆದು ತೊಳೆಯಿರಿ. ಪ್ರೆಶರ್ ಕ್ಯಾಪ್ ರಬ್ಬರ್ ಗಟ್ಟಿಯಾಗಿದ್ದರೆ ಬದಲಾಯಿಸಿ. ಕ್ಯಾಪ್ ಒತ್ತಡ ಹಿಡಿಯದಿದ್ದರೆ ಬೆಟ್ಟದ ಮೇಲೆ ನೀರು 95 ಡಿಗ್ರಿಗೇ ಕುದಿಯುತ್ತದೆ. ಟೈಮಿಂಗ್ ತಡವಾಗಿದ್ದರೂ ಎಂಜಿನ್ ಬಿಸಿಯಾಗುತ್ತದೆ.

ಮನೆಯಲ್ಲೇ ಬಿಸಿ ಮಾಡಿ ನೋಡುವುದು

ಪ್ರತಿ ಸಲ ಬೆಟ್ಟಕ್ಕೆ ಹೋಗಲು ಆಗುವುದಿಲ್ಲ. ಗಾಡಿ ಐಡ್ಲಿಂಗ್‌ನಲ್ಲಿ ಇರುವಾಗ ಹೇರ್ ಡ್ರೈಯರ್ ತೆಗೆದುಕೊಂಡು ಕಾಯಿಲ್‌ಗೆ ಮಾತ್ರ ಬಿಸಿ ಗಾಳಿ ಬಿಡಿ. ಏನೂ ಆಗದಿದ್ದರೆ ಡಿಸ್ಟ್ರಿಬ್ಯೂಟರ್‌ಗೆ ಬಿಡಿ. ಡಿಸ್ಟ್ರಿಬ್ಯೂಟರ್ ಬಲಗಡೆ ಇದೆ, ಪೆಟ್ರೋಲ್‌ನಿಂದ ದೂರ. ಎಡಗಡೆ, ಕಾರ್ಬೊರೇಟರ್ ಹತ್ತಿರ ಡ್ರೈಯರ್ ತರಲೇಬೇಡಿ. ಯಾವುದನ್ನು ಬಿಸಿ ಮಾಡಿದಾಗ ಮಿಸ್ಸಿಂಗ್ ಶುರುವಾಯಿತೋ ಅಲ್ಲಿ ಹುಡುಕಿ. ಒಂದು ಸಲಕ್ಕೆ ಒಂದೇ ಪಾರ್ಟ್ ಬದಲಾಯಿಸಿ. ಮೂರನ್ನು ಒಟ್ಟಿಗೆ ಬದಲಾಯಿಸಿ ಗಾಡಿ ಸರಿಹೋದರೆ, ಯಾವುದು ಕೆಟ್ಟಿತ್ತು ಎನ್ನುವುದು ಗೊತ್ತಾಗದೆ, ಆ ಕೆಟ್ಟ ಪಾರ್ಟ್ ಸ್ಪೇರ್ ಎಂದು ಡಿಕ್ಕಿ ಸೇರುತ್ತದೆ.

ಸರಿಯಾಯಿತು ಅನ್ನಿಸಿದ ಮೇಲೆ ಮಧ್ಯಾಹ್ನದ ಬಿಸಿಲಲ್ಲಿ ಬೆಟ್ಟ ಹತ್ತಿಸಿ. ಮೇಲೆ ಹದಿನೈದು ನಿಮಿಷ ಆಫ್ ಮಾಡಿ, ಸ್ಟಾರ್ಟ್ ಮಾಡಿ, ಐದು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ. ಇಳಿದು ಬಂದು ಇನ್ನೊಮ್ಮೆ ಹತ್ತಿಸಿ. ಎರಡನೇ ಏರು ಮುಖ್ಯ, ಏಕೆಂದರೆ ಮೊದಲ ಏರಿನಲ್ಲಿ ಬಾನೆಟ್ ಒಳಗಿನ ಎಲ್ಲ ಭಾಗ ಪೂರ್ತಿ ಕಾದಿರುವುದಿಲ್ಲ. ಅಲ್ಲೂ ನಿಂತರೆ ಮುಚ್ಚಳ, ಪಂಪಿನ ಸದ್ದು, ಕಿಡಿ, ಇದೇ ಕ್ರಮದಲ್ಲಿ ಮತ್ತೆ ನೋಡಿ, ಹಳೇ ಚೀಟಿಯ ಪಕ್ಕದಲ್ಲೇ ಬರೆಯಿರಿ. ಎರಡು ಚೀಟಿಯಲ್ಲಿ ಬೇರೆ ಬೇರೆ ಉತ್ತರ ಬಂದಿದ್ದರೆ ಗಾಡಿಯಲ್ಲಿ ಎರಡು ದೋಷ ಇವೆ, ಮೊದಲನೆಯದು ಹೋಗಿದೆ.